ಹಳಿ ಕಿತ್ತ ಮೇಲೆ ಉಳಿಯುವ ಮಣ್ಣಿಗೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರು ಸುತ್ತಮುತ್ತಲ ಹಳೆಯ ರೈಲು ಮಾರ್ಗಗಳ ನಕ್ಷೆಯೊಂದನ್ನು ನಾವು ಕೆಲವರು ಗೆಳೆಯರು ಸೇರಿ ಕನ್ನಡದಲ್ಲಿ ಮಾಡುತ್ತಿದ್ದೇವೆ. ಗೆರೆ ಎಳೆಯುವ ಕೆಲಸ ಹೇಗೋ ಸಾಗುತ್ತಿದೆ. ನಾವು ಸಿಕ್ಕಿಕೊಂಡಿರುವುದು ಯಾವ ಗೆರೆಗೆ ಏನು ಹೆಸರು ಅಂತ ಮೂಲೆಯಲ್ಲಿ ಬರೆಯುವ ಕಡೆ. ಕಂಬಿ ಕಿತ್ತು ಎಷ್ಟೋ ಕಾಲವಾದರೂ ರೈಲು ಓಡುತ್ತಿದ್ದ ಮಣ್ಣಿನ ದಿಬ್ಬ ಹಾಗೇ ಉಳಿದಿರುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು?

‘ಹಳೆಯ ಹಳಿ’ ಅಂತ ಹಾಕಿಬಿಡಿ ಅನ್ನುತ್ತಾರೆ ಕೆಲವರು. ನನಗೆ ಒಪ್ಪಿಗೆಯಿಲ್ಲ. ಯಶವಂತಪುರದಿಂದ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಹಾದು ಬಂಗಾರಪೇಟೆಗೆ ಹೋಗುತ್ತಿದ್ದ ನ್ಯಾರೋ ಗೇಜ್ ಮಾರ್ಗವನ್ನೇ ನೋಡಿ. 1910ರ ದಶಕದಲ್ಲಿ ತುಂಡು ತುಂಡಾಗಿ ತೆರೆದದ್ದು. ಎರಡು ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಇನ್ನು ಗೆರೆ ಎಳೆಯಲು ನಾವು ಜಾಸ್ತಿ ನೋಡುವ ಚಿತ್ರಗಳು ಅಮೆರಿಕದ ‘ಕೊರೊನಾ’ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ಫಿಲ್ಮಿನಲ್ಲಿ ತೆಗೆದವು. 1995ರವರೆಗೂ ಗುಟ್ಟಾಗಿದ್ದವು, ಈಗ ಯಾರು ಬೇಕಾದರೂ ನೋಡಬಹುದು. (ಹೆಸರು ಕೇಳಿ ಬೆಚ್ಚಬೇಡಿ, ಆ ರೋಗಕ್ಕಿಂತ ಎಷ್ಟೋ ಹಳೆಯ ಹೆಸರು.) ಅವುಗಳಲ್ಲಿ ತುಂಬಾ ಚೆನ್ನಾಗಿ ಬಂದ ಚಿತ್ರದಲ್ಲೂ ಎರಡು ಮೀಟರ್‌ಗಿಂತ ಸಣ್ಣ ವಸ್ತು ಬಿಡಿಸಿ ಕಾಣುವುದು ಕಷ್ಟ. ಎರಡು ಹಳಿಯನ್ನು ಬೇರೆ ಬೇರೆಯಾಗಿ ನೋಡುವ ಮಾತೇ ಇಲ್ಲ. ನಾವು ನೋಡುತ್ತಿರುವುದು ಮಣ್ಣನ್ನು. ಹಾಗಿದ್ದ ಮೇಲೆ ಹೆಸರೂ ಮಣ್ಣಿಗೇ ಇರಬೇಕು, ಅಲ್ವಾ?

ಮೊದಲು ಹೊಳೆದದ್ದು ‘ಏರಿ’. ಕೆರೆಗೆ ಏರಿ ಇರುವಂತೆ ರೈಲಿಗೂ ಏರಿ. ಮಣ್ಣು ಸುರಿದು ಎತ್ತರಿಸಿದ್ದು, ಇಳಿಜಾರು ಪಕ್ಕಗಳು, ನಡುವೆ ನೀರು ಹೋಗಲು ಮೋರಿ, ಎಲ್ಲ ಸರಿಯಾಗಿ ಕೂರುತ್ತದೆ. ಆದರೆ ‘ರೈಲು ಏರಿ’ ಅಂತ ಬರೆದು ನೋಡಿದರೆ ಯಾರಿಗೋ ರೈಲು ಹತ್ತಿ ಅಂತ ಹೇಳಿದ ಹಾಗಿದೆ! ‘ರೈಲೇರಿ’ ಅಂದರೂ ಅಷ್ಟೇ. ‘ರೈಲಿನ ಏರಿ’ ಅಂದರೆ ಈ ತೊಂದರೆ ತಪ್ಪುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ನಮ್ಮ ಕಡೆ ನದಿ ಕಡಿಮೆ, ಕೆರೆ ಜಾಸ್ತಿ. ಮೇಲಿನಿಂದ ತೆಗೆದ ಕಪ್ಪು ಬಿಳುಪು ಫೋಟೊದಲ್ಲಿ ಕೆರೆ ಏರಿಯೂ ರೈಲಿನ ಏರಿಯೂ ಒಂದೇ ಥರದ ಗೆರೆ. ಹೂಳು ತುಂಬಿ ಬತ್ತಿದ ಕೆರೆಯಾದರಂತೂ ಕೇಳಲೇಬೇಡಿ. ಬೇರ್ಪಡಿಸುವುದು ಗೆರೆಯ ತುದಿ ನೋಡಿ. ಕೆರೆ ಏರಿ ಹಳ್ಳಕ್ಕೆ ಅಡ್ಡ ನಿಂತು, ಎರಡೂ ಪಕ್ಕದ ಎತ್ತರದ ನೆಲ ಸಿಕ್ಕ ಕೂಡಲೇ ನಿಂತುಬಿಡುತ್ತದೆ. ರೈಲಿನದು ನಿಲ್ಲುವುದಿಲ್ಲ. ಹಳ್ಳ ದಾಟಿ, ಆಚೆಯ ದಿನ್ನೆಯನ್ನು ಕಡಿದುಕೊಂಡು, ನಿಧಾನವಾಗಿ ಬಾಗುತ್ತಾ ಮುಂದೆ ಹೋಗುತ್ತದೆ. ನೆರಳೂ ಸಹಾಯ ಮಾಡುತ್ತದೆ. ಬೆಳಗಿನ ಫೋಟೊ ಆದರೆ ಏರಿಯ ನೆರಳು ಪಡುವಣ ಪಕ್ಕಕ್ಕೆ, ಹೊರಗೆ ಬೀಳುತ್ತದೆ. ಕಡಿದ ಜಾಗದಲ್ಲಿ ಮೂಡಣ ಗೋಡೆಯ ನೆರಳು ಒಳಗೇ ಬೀಳುತ್ತದೆ. ವಿಮಾನದಿಂದ ತೆಗೆದ ಫೋಟೊ ಸಿಕ್ಕರೆ ಇನ್ನೂ ಸುಲಭ. ಒಂದು ಫೋಟೊದಲ್ಲಿರುವ ನೆಲದ ಸುಮಾರು ಶೇಕಡ 60ರಷ್ಟು ಮುಂದಿನದರಲ್ಲೂ ಬರುವಂತೆ ಸಾಲಾಗಿ ತೆಗೆದಿರುತ್ತಾರೆ. ಜೋಡಿ ಚಿತ್ರವನ್ನು ಸ್ಟೀರಿಯೋಸ್ಕೋಪಿನಲ್ಲಿ (ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿ ಎತ್ತರ ತಗ್ಗು ಕಾಣಿಸುವ ಸಾಧನ) ಇಟ್ಟು ನೋಡಿದರೆ ಏರಿ ಎದ್ದು ನಿಲ್ಲುತ್ತದೆ, ಕಡಿದದ್ದು ಕುಸಿಯುತ್ತದೆ.

‘ಕಟ್ಟೆ’ ಬೇಡ ಅನ್ನಿಸಿತು. ಅರಳಿಕಟ್ಟೆಯೇ ಮೊದಲು ಕಣ್ಣಮುಂದೆ ಬರುತ್ತದೆ. ತೆಲುಗಿನವರು ಕೆರೆಯದಕ್ಕೂ ರೈಲಿನದಕ್ಕೂ ‘ಕಟ್ಟ’ ಅನ್ನುತ್ತಾರೆ, ಚಿಂತಾಮಣಿ ಕಡೆ ಎರಡೂ ಭಾಷೆ ಬೆರೆತಿರುವುದರಿಂದ ಅಲ್ಲಿ ನಡೆದೀತು. ‘ದಿಬ್ಬ’, ‘ದಿನ್ನೆ’ ತಾನಾಗಿ ಇರುವ ಎತ್ತರಕ್ಕೆ ಹೆಚ್ಚು ಒಪ್ಪುತ್ತವೆ. ಹಳ್ಳಿಗಳಲ್ಲಿ ಕೇಳಿದರೆ ಸುಮ್ನೆ ‘ರೈಲ್ ರೋಡು’ ಅನ್ನುವವರೂ ಇದ್ದಾರೆ. “ಆ ರೈಲ್ ರೋಡ್ ದಾಟುದ್ರೆ ನಮ್ ಹೊಲ.” ಮಾತಿಗೆ ಚೆನ್ನ. ನಕ್ಷೆಯಲ್ಲಿ ಬರೆದರೆ ಓಡುತ್ತಿರುವ ಮಾರ್ಗವೋ ನಿಂತದ್ದೋ ತಿಳಿಯುವುದಿಲ್ಲ.

ಏರಿಯೂ ಉಳಿಯದ ಜಾಗಗಳದು ಬೇರೆಯೇ ಕಥೆ. ಮಣ್ಣನ್ನು ಹೊಲಕ್ಕೆ ಸೇರಿಸಿ ಉತ್ತುಬಿಟ್ಟಿರುತ್ತಾರೆ. ಆದರೂ ಸುತ್ತಲಿನ ಹೊಲಗಳೆಲ್ಲ ಚೌಕವಾಗಿದ್ದು, ಸಾಲಾಗಿ ಕೆಲವು ಹೊಲಗಳ ಅಂಚು ಮಾತ್ರ ಓರೆಯಾಗಿ ಕತ್ತರಿಸಿದಂತೆ ಇದ್ದರೆ ಅಲ್ಲಿ ಏನೋ ಹಾದುಹೋಗಿತ್ತು ಅಂತಲೇ ಅನುಮಾನ. ಗ್ರಾಮ ನಕಾಶೆಯಲ್ಲೂ ಅದೇ ಓರೆ ಅಂಚು ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ. ಇದಕ್ಕೆ ‘ಜಾಡು’ ಅಂತ ಇಟ್ಟಿದ್ದೇವೆ. ಬಂಡಿ ಜಾಡು ಎಲ್ಲರಿಗೂ ಗೊತ್ತು, ‘ರೈಲಿನ ಜಾಡು’ ಅಂದರೂ ಯಾರೂ ತಡವರಿಸುವುದಿಲ್ಲ. ಎದ್ದು ಕಾಣುವುದಕ್ಕೆ ಏರಿ, ಗುರುತು ಮಾತ್ರ ಉಳಿದದ್ದಕ್ಕೆ ಜಾಡು. ಈ ಭಾಗ ನನಗೆ ಸಮಾಧಾನ ತಂದಿದೆ.

ಪತ್ರಾಗಾರದ ಕಡತಗಳಿಂದ ಪದಕ್ಕೆ ಸಹಾಯವಾಗಲಿಲ್ಲ. ಬಹುಪಾಲು ಇಂಗ್ಲಿಷಿನಲ್ಲಿವೆ. ಅವುಗಳಲ್ಲಿ ಹುಡುಕುವವರು ಹಳೆಯ ಊರ ಹೆಸರು ಮಾತ್ರ ನೆನಪಿಟ್ಟುಕೊಂಡಿರಬೇಕು. ಬಂಗಾರಪೇಟೆ ಅಂದರೆ ಸಿಗುವುದಿಲ್ಲ, ಬೌರಿಂಗ್‌ಪೇಟೆ ಅನ್ನಬೇಕು. ರಾಮನಗರಕ್ಕೆ ಕ್ಲೋಸ್‌ಪೇಟೆ, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್.

ಈಗ ಕೇಳಬೇಕಾದ್ದು ಎರಡು. ದಿನ್ನೆಯನ್ನು ಕಡಿದು ರೈಲು ಬಿಟ್ಟ ಜಾಗಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ರೈಲ್ವೆಯವರು ‘ಕಟಿಂಗ್’ ಅನ್ನುತ್ತಾರೆ, ‘ಕೊರಕಲು’ ಅಂದರೆ ಮಳೆನೀರು ಕೊರೆದದ್ದು ಅನ್ನಿಸುತ್ತದೆ. ಬೇರೇನೂ ಸಿಗದಿದ್ದರೆ ಕಟಿಂಗ್ ಅಂತಲೇ ಬಿಡುತ್ತೇವೆ, ನನಗೇನೂ ಬೇಸರವಿಲ್ಲ. ಎರಡನೆಯದು, ತರೀಕೆರೆ–ನರಸಿಂಹರಾಜಪುರದ ನಡುವೆ ಎರಡಡಿ ಗೇಜಿನ ಪುಟ್ಟ ರೈಲು ಓಡುತ್ತಿತ್ತು. ಆ ಕಡೆಯವರು ಯಾರಾದರೂ ಇದ್ದರೆ, ಅದರ ದಾರಿಗೆ ಮನೆಯ ಹಿರಿಯರು ಯಾವ ಹೆಸರು ಹೇಳುತ್ತಿದ್ದರು, ತಿಳಿಸಿ. ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.