ಮೊದಲ ಮನೆಗೆ ಬಡ್ಡಿ ಸಬ್ಸಿಡಿ: ಗೊತ್ತಿರುವವರು ಹೇಳಿ

ಪ್ರಶ್ನೆ (ತುಮಕೂರು): ಗಂಡ ಹೆಂಡತಿ ಸೇರಿ ವರ್ಷಕ್ಕೆ 8 ಲಕ್ಷ ಆದಾಯ. 32 ಲಕ್ಷದ ಹೊಸ ಫ್ಲ್ಯಾಟ್, 24 ಲಕ್ಷ ಸಾಲ. ಕೇಂದ್ರದ ವಸತಿ ಯೋಜನೆ ಪಿಎಂಎವೈ ನಗರ 2.0ರ ಬಡ್ಡಿ ಸಬ್ಸಿಡಿ ನಂಬಿ ಮುಂದುವರಿಯಬಹುದಾ?

ಮೈಸೂರು: ನಂಬಿ ಕೂರಬೇಡಿ ಸಾರ್. ಸಬ್ಸಿಡಿ ಸಾಲದ ಮೊದಲ 8 ಲಕ್ಷಕ್ಕೆ ಮಾತ್ರ, 4%, 12 ವರ್ಷದ ಲೆಕ್ಕ. ಹೆಚ್ಚೆಂದರೆ 1.80 ಲಕ್ಷ, ಅದೂ ಐದು ವಾರ್ಷಿಕ ಕಂತು. ದುಡ್ಡು ಬೇಕಾಗುವುದು ನೋಂದಣಿ ದಿನ: ಮುದ್ರಾಂಕ ಶುಲ್ಕ 3% ಅಂದರೆ 96,000, ಅದರ ಮೇಲೆ ಸೆಸ್ 10%, ಸರ್‌ಚಾರ್ಜ್ 2% ಸೇರಿ 11,520, ನೋಂದಣಿ ಶುಲ್ಕ 2% ಅಂದರೆ 64,000. ಒಟ್ಟು 1,71,520. ಇದು ಕೈಯಲ್ಲಿಲ್ಲದೆ ಅಡ್ವಾನ್ಸ್ ಕೊಡಬಾರದು.

ಹುಬ್ಬಳ್ಳಿ: ಹಳೇ ಯೋಜನೆಯಲ್ಲಿ 2.67 ಲಕ್ಷದವರೆಗೆ ಒಂದೇ ಸಲ ಅಸಲಿಗೆ ಜಮಾ ಆಗುತ್ತಿತ್ತು. 2022ರ ಮಾರ್ಚ್‌ಗೆ ಮುಗಿಸಿದರು. ಈಗಿನದ್ದಕ್ಕೆ ಕಾಯುವುದಕ್ಕಿಂತ ಬೋನಸ್ ಬಂದಾಗೆಲ್ಲ ಅಸಲು ಕಟ್ಟಿ ಬಿಸಾಕಿ.

ಮೈಸೂರು: ಅರ್ಧ ಮಾತು ಹೇಳಬೇಡಿ ರೀ! ಕಂತು ಬಿಡುಗಡೆಯಾಗಲು ಸಾಲ ಚಾಲ್ತಿಯಲ್ಲಿದ್ದು, ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಮೂರನೇ ವರ್ಷಕ್ಕೇ 13 ಲಕ್ಷ ತೀರಿಸಿದರೆ ಉಳಿದ ಕಂತು ಹೋಯಿತು.

ಹುಬ್ಬಳ್ಳಿ: ಹೋಗಲಿ. 36,000ದ ಕಂತಿಗಾಗಿ 12 ಲಕ್ಷದ ಮೇಲೆ ಬಡ್ಡಿ ಕಟ್ಟುತ್ತಾ ಕೂರಬೇಕಾ? ಲೆಕ್ಕ ನೀವೇ ಹಾಕಿ.

ದಾವಣಗೆರೆ: ಮನೆ ಬೆಲೆ 35 ಲಕ್ಷ ದಾಟಿದರೆ ಸಬ್ಸಿಡಿ ಇಲ್ಲ. 38 ಆದರೆ ಕ್ರಯಪತ್ರದಲ್ಲಿ 34 ಬರೆಸಿ, ಮಿಕ್ಕಿದ್ದು ನಗದು ಕೊಡುತ್ತಾರೆ.

ಶಿವಮೊಗ್ಗ: ಹೊಸಬರಿಗೆ ಇಂಥ ಬುದ್ಧಿ ಹೇಳಿ ಹಾಳುಮಾಡಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ. ಬೆಲೆ ಕಡಿಮೆ ತೋರಿಸಿದ್ದಾರೆ ಅನಿಸಿದರೆ ಉಪನೋಂದಣಾಧಿಕಾರಿ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಎ ಕಲಮಿನ ಅಡಿ ಪತ್ರವನ್ನು ಮೌಲ್ಯ ನಿರ್ಣಯಕ್ಕೆ ಕಳಿಸುತ್ತಾರೆ. ಮುಂದೆ ಮಾರುವಾಗ ಆ 4 ಲಕ್ಷವೂ ನಿಮ್ಮ ಲಾಭವೆಂದೇ ತೆರಿಗೆಗೆ ಬರುತ್ತದೆ.

ದಾವಣಗೆರೆ: ಎಲ್ಲರೂ ಮಾಡುವುದನ್ನೇ ಹೇಳಿದೆ.

ಶಿವಮೊಗ್ಗ: ಎಲ್ಲರ ದಂಡ ನೀವು ಕಟ್ಟುತ್ತೀರಾ? ತುಮಕೂರಿನವರೇ, ಊರಿನ ಪಕ್ಕಾ ಮನೆಯ ಖಾತೆಯಲ್ಲಿ ನಿಮ್ಮಿಬ್ಬರಲ್ಲಿ ಯಾರ ಹೆಸರಾದರೂ ಸೇರಿದೆಯಾ ನೋಡಿ, ಸೇರಿದ್ದರೆ ಅರ್ಹತೆಯೇ ಇಲ್ಲ. ಅಪ್ಪನೊಬ್ಬರ ಹೆಸರಿನಲ್ಲಿದ್ದರೆ ಅಡ್ಡಿಯಿಲ್ಲ, ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) 120 ಚದರ ಮೀಟರ್ ಮೀರಬಾರದು. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಕೈಗೆ ಬಂದ ಮೇಲೇ ಬ್ಯಾಂಕಿಗೆ ಹೋಗಿ.