ಮಿಷನ್ ಶಾಲೆಯ ಟೀಚರ್, ಮೊದಲ ಸಲ ಪರದೇಶದಲ್ಲಿ ಕ್ರಿಸ್ಮಸ್: ಹೋಗಿ ಬಂದವರು ಏನಂತೀರಿ?

ಧಾರವಾಡದಿಂದ, ಕೇಳುತ್ತಿರುವವಳು:

ಎಲ್ಲರಿಗೂ ನಮಸ್ಕಾರ. ನಾನು ಗಣಿತದ ಟೀಚರ್. ನಮ್ಮ ಸಭೆಯ ಮೂಲಕ ತಾಂಜಾನಿಯಾಕ್ಕೆ ಹೋಗುತ್ತಿದ್ದೇನೆ. ಕಿಲಿಮಂಜಾರೊ ಬೆಟ್ಟದ ಇಳಿಜಾರಿನಲ್ಲಿ, ಮೋಶಿ ಪಟ್ಟಣದಿಂದ ಮೇಲಕ್ಕೆ, ಲುಥೆರನ್ ಸಭೆಯವರ ಹೆಣ್ಣುಮಕ್ಕಳ ಶಾಲೆ. ಎರಡು ವರ್ಷದ ಒಪ್ಪಂದ, ನಡುವೆ ಊರಿಗೆ ಬರಲು ಟಿಕೆಟ್ ಕೊಡುವುದಿಲ್ಲ. ಇದುವರೆಗೆ ಒಂದು ಕ್ರಿಸ್ಮಸ್ಸೂ ಮನೆ ಬಿಟ್ಟು ಕಳೆದವಳಲ್ಲ ನಾನು. ಅಮ್ಮ ಈಗಲೇ ಅಳೋಕೆ ಶುರು ಮಾಡಿದ್ದಾರೆ. ಏನು ತಗೊಂಡು ಹೋಗಲಿ? ರಜೆಯಲ್ಲಿ ಎಲ್ಲಿರಲಿ? ಬೇಜಾರಾದರೆ ಏನು ಮಾಡಲಿ?

ಮಂಗಳೂರಿನಿಂದ, ನಿವೃತ್ತ ಇಂಗ್ಲಿಷ್ ಟೀಚರ್:

ಟೀಚರ್, ನಾನು ಮರಂಗು ಕಡೆ ಸಭೆಯ ಶಾಲೆಯಲ್ಲಿ ಕಲಿಸಿದವಳು. ನೀವು ಹೋಗುವ ಜಾಗಕ್ಕೆ ಅದು ದೂರವೇನಲ್ಲ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಮೊದಲು ಅಲ್ಲಿನ ಶಾಲೆಯ ವರ್ಷ ಹೇಗೆ ನಡೆಯುತ್ತೆ ಅಂತ ತಿಳ್ಕೊಳ್ಳಿ. ತರಗತಿ ಶುರುವಾಗೋದು ಜನವರಿಯಲ್ಲಿ. ನವೆಂಬರ್‌ನಲ್ಲಿ ಫಾರ್ಮ್ ಫೋರ್ ಮಕ್ಕಳಿಗೆ ರಾಷ್ಟ್ರೀಯ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಅದು ಮುಗಿದು ಡಿಸೆಂಬರ್ ಮೊದಲ ವಾರ ದಾಟುವಷ್ಟರಲ್ಲಿ ಹಾಸ್ಟೆಲ್ ಖಾಲಿ. ಮಕ್ಕಳಿಲ್ಲ, ಅಡುಗೆಯವರಿಲ್ಲ, ಜೊತೆಯ ಟೀಚರುಗಳೂ ಊರಿಗೆ. ಇಡೀ ಕಾಂಪೌಂಡಿಗೆ ನೀವು ಮತ್ತು ವಾಚ್‌ಮನ್. ಮನೆ ನೆನಪು ಹಿಂಡೋದು ಆಗ. ಹಬ್ಬದ ದಿನ ಹೇಗೋ ಕಳೆದುಹೋಗುತ್ತೆ, ಅದಕ್ಕೆ ಮುಂಚಿನ ಎರಡು ವಾರ ಕಷ್ಟ. ಆ ಎರಡು ವಾರಕ್ಕೆ ನವೆಂಬರ್‌ನಲ್ಲೇ ವ್ಯವಸ್ಥೆ ಮಾಡಿಕೊಳ್ಳಿ. ಹೆಡ್‌ಮಿಸ್ ಹತ್ತಿರ ಸಂಕೋಚ ಇಲ್ಲದೆ ಕೇಳಿ: ರಜೆಯಲ್ಲಿ ನಾನು ಯಾರ ಮನೆಗೆ ಹೋಗಬಹುದು ಅಂತ. ಅಲ್ಲಿ ಹಾಗೆ ಕೇಳಿದರೆ ಯಾರೂ ತಪ್ಪು ತಿಳಿಯಲ್ಲ. ಕೇಳದೆ ರೂಮಲ್ಲಿ ಕೂತರೆ ಮಾತ್ರ, ಈ ವಿದೇಶಿ ಟೀಚರ್‌ಗೆ ಒಬ್ಬರೇ ಇರೋದು ಇಷ್ಟ ಅಂದ್ಕೊಂಡು ಸುಮ್ಮನಾಗ್ತಾರೆ.

ಇನ್ನೊಂದು ವಿಷಯ. ನೀವು ಹೋಗುತ್ತಿರುವ ಬೆಟ್ಟ ಕ್ರಿಸ್ಮಸ್‌ಗೇ ಹೆಸರುವಾಸಿ. ಅಲ್ಲಿನ ಚಗ್ಗಾ ಜನ ವ್ಯಾಪಾರ, ಓದು, ನೌಕರಿ ಅಂತ ದೇಶವೆಲ್ಲ ಹರಡಿದ್ದಾರೆ. ಕ್ರಿಸ್ಮಸ್ ಬಂತೆಂದರೆ ದಾರ್ ಎಸ್ ಸಲಾಮ್‌ನಿಂದ, ಅರೂಶಾದಿಂದ, ಎಲ್ಲಿಂದೆಲ್ಲಿಂದಲೋ ಮನೆಗೆ ವಾಪಸ್. ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಬಾಳೆ ತೋಟದ ನಡುವೆ ಅವರ ಮನೆ, ತೋಟದಲ್ಲೇ ಹಿರಿಯರ ಸಮಾಧಿ. ವರ್ಷವಿಡೀ ಬೀಗ ಹಾಕಿದ್ದ ಮನೆಗಳ ಬಾಗಿಲು ಡಿಸೆಂಬರ್ 20ರ ಹೊತ್ತಿಗೆ ತೆರೆಯುತ್ತವೆ. ನಮ್ಮ ಕರಾವಳಿಯಲ್ಲಿ ಮುಂಬೈ, ಗಲ್ಫ್ ಮಂದಿ ಊರಿಗೆ ಬಂದಾಗ ಆಗುತ್ತಲ್ಲ, ಅದೇ ಗಲಾಟೆ. ಇಂಥ ಊರಿನಲ್ಲಿದ್ದು ಕಾಂಪೌಂಡಿನಲ್ಲಿ ಕೂತು ವಾಟ್ಸಾಪ್ ನೋಡೋದು ದಂಡ.

ಜೊತೆಗಿದ್ದ ಬೇರೆ ದೇಶದ ಟೀಚರುಗಳು ರಜೆ ಸಿಕ್ಕ ಕೂಡಲೇ ಜಂಜಿಬಾರ್ ಬೀಚಿಗೆ ಓಡುತ್ತಿದ್ದರು. ಮೊದಲ ವರ್ಷ ನೀವು ಹೋಗಬೇಡಿ. ಯಾರಾದರೂ ಮನೆಗೆ ಕರೆದರೆ ಹೂಂ ಅನ್ನಿ. ಎರಡು ಮನೆಯವರು ಕರೆದರೆ ಎರಡಕ್ಕೂ ಹೂಂ ಅನ್ನಿ. 26 ಕೂಡ ಅಲ್ಲಿ ಸರಕಾರಿ ರಜೆ, ಹಂಚಿಕೊಂಡು ಹೋಗಬಹುದು.

ಆರಾಧನೆಗೆ ಹೋಗುವಾಗ ಗಡಿಯಾರದ ಬಗ್ಗೆ ಎಚ್ಚರ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಗಂಟೆ ಎಣಿಸೋದು ಬೆಳಗಾದಾಗಿನಿಂದ. ನಮ್ಮ ಬೆಳಗ್ಗೆ ಏಳು ಅವರಿಗೆ ಒಂದು ಗಂಟೆ. ರಾತ್ರಿ ಮೂರು ಗಂಟೆಗೆ ಆರಾಧನೆ ಅಂದರೆ ಒಂಬತ್ತಕ್ಕೆ ಅಂತ ಅರ್ಥ. ಆರಾಧನೆ ಉದ್ದ ಇರುತ್ತೆ. ಒಂದರ ಹಿಂದೆ ಒಂದು ಕ್ವಾಯರ್ ಹಾಡುತ್ತೆ, ಜೊತೆಗೆ ಕುಣಿತ. ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಹೊಸಬರನ್ನು ಎದ್ದು ನಿಲ್ಲಿಸಿ ಪರಿಚಯ ಕೇಳ್ತಾರೆ. "ಬ್ವಾನಾ ಯೇಸು ಅಸಿಫಿವೆ" (ಯೇಸು ಸ್ವಾಮಿಗೆ ಸ್ತೋತ್ರ) ಅಂತ ಶುರು ಮಾಡಿದರೆ ಸಾಕು, ಸಭೆಯೆಲ್ಲ ಆಮೆನ್ ಅನ್ನುತ್ತೆ, ನಿಮ್ಮ ಅರ್ಧ ಭಯ ಹೋಗುತ್ತೆ. ಹಿರಿಯರು ಎದುರು ಬಂದರೆ "ಶಿಕಮೂ" ಅನ್ನೋದನ್ನು ಮರೀಬೇಡಿ. ನಮಸ್ಕಾರಕ್ಕೂ ಮೇಲಿನ ಮರ್ಯಾದೆ ಅದು.

ಭಾಷಣ, ಬೋಧನೆ ಅಂತ ಏನೂ ತಯಾರಿ ಬೇಡ. ಆ ಬೆಟ್ಟಕ್ಕೆ ಜರ್ಮನಿಯ ಲೈಪ್‌ಜಿಗ್ ಮಿಷನ್‌ನವರು ಬಂದದ್ದು 1893ರಲ್ಲಿ. ಅಲ್ಲಿನ ಅಜ್ಜಿಯಂದಿರಿಗೆ ನಾವು ಕ್ರಿಸ್ಮಸ್ ಹೇಳಿಕೊಡುವುದು ಏನೂ ಇಲ್ಲ. ಕ್ವಾಯರ್‌ನಲ್ಲಿ ಹಿಂದಿನ ಸಾಲಿನಲ್ಲಿ ಒಂದು ಜಾಗ ಕೇಳಿ. ರಾಗ ಬಹುಪಾಲು ನಿಮಗೆ ಗೊತ್ತಿರೋದೇ, ಪದ ಮಾತ್ರ ಸ್ವಾಹಿಲಿ.

ಆರಾಧನೆ ಮುಗಿದ ಮೇಲೆ ಹೊರಗೆ ಏಲಂ ಇರುತ್ತೆ. ದುಡ್ಡಿಲ್ಲದವರು ಕಾಣಿಕೆಗೆ ಬಾಳೆಗೊನೆ, ಮೊಟ್ಟೆ, ಕಬ್ಬು, ಕಾಲು ಕಟ್ಟಿದ ಕೋಳಿ ತಂದಿರ್ತಾರೆ. ಸಭೆಯ ಹಿರಿಯರೊಬ್ಬರು ಮೆಟ್ಟಿಲ ಮೇಲೆ ನಿಂತು ಕೂಗ್ತಾರೆ. ನಮ್ಮಲ್ಲಿ ಬೆಳೆ ಹಬ್ಬದ ದಿನ ಆಗುವ ಏಲಂ ಥರಾನೇ. ದಾರ್‌ನಿಂದ ಬಂದ ಸಾಹುಕಾರರು ಒಂದು ಮೊಟ್ಟೆಗೆ ಹಟ ಹಿಡಿದು ಬೆಲೆ ಏರಿಸೋದು, ಕೊಂಡ ಮೇಲೆ ಅದನ್ನೇ ಯಾವುದೋ ಅಜ್ಜಿಯ ಕೈಗಿಡೋದು, ಜನ ಕೇಕೆ ಹಾಕೋದು. ನೀವೂ ಕೂಗಿ. ಪರದೇಶದ ಟೀಚರ್ ಕೋಳಿಗೆ ಕೂಗಿದಳು ಅಂತ ಜನವರಿವರೆಗೂ ಮಾತಾಡ್ತಾರೆ. (ಕೋಳಿ ಹಿಡಿದುಕೊಂಡು ಗುಡ್ಡ ಹತ್ತೋದು ನಿಮ್ಮ ಪಾಡು.)

ಈಗ ಸೂಟ್‌ಕೇಸ್. ಡಬ್ಬಗಟ್ಟಲೆ ಕುಸ್ವಾರ್ (ನಮ್ಮ ಕರಾವಳಿಯ ಕ್ರಿಸ್ಮಸ್ ತಿಂಡಿಗಳು) ಹೊತ್ತುಕೊಂಡು ಹೋಗಬೇಡಿ. ನೀವು ಜನವರಿಗೆ ಮುಂಚೆ ಹೋಗಿ ಸೇರಿದರೆ ಮುಂದಿನ ಡಿಸೆಂಬರ್‌ವರೆಗೆ ಯಾವ ತಿಂಡಿ ಉಳಿಯುತ್ತೆ? ಹಿಟ್ಟು, ಸಕ್ಕರೆ, ತೆಂಗಿನಕಾಯಿ, ಮೊಟ್ಟೆ ಎಲ್ಲ ಅಲ್ಲೇ ಸಿಗುತ್ತೆ. ಏಲಕ್ಕಿ, ಲವಂಗ ಆ ದೇಶದ್ದೇ ಬೆಳೆ. ಸಿಗದೇ ಇರೋದು ಕೊಕ್ಕಿಸಾಂ ಅಚ್ಚು. ರೋಸ್ ಕುಕ್ಕೀಸ್ ಅಂತೀವಲ್ಲ, ಅದರದ್ದು. ಒಂದು ಅಚ್ಚು ತಗೊಂಡು ಹೋಗಿ, ಮೊದಲೇ ಮನೆಯಲ್ಲಿ ಎಣ್ಣೆಯಲ್ಲಿ ಪಳಗಿಸಿ. ಹೊಸ ಅಚ್ಚು ಹಿಟ್ಟು ಬಿಡಲ್ಲ.

ನಾನು ಮಾಡುತ್ತಿದ್ದದ್ದು ಮೇಟ್ರನ್ ಮನೆಯ ಅಂಗಳದಲ್ಲಿ, ಇದ್ದಿಲ ಒಲೆ ಮೇಲೆ. ಅಕ್ಕಿ ಹಿಟ್ಟು, ಸ್ವಲ್ಪ ಮೈದಾ, ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಒಂದು ಚಮಚ ಎಳ್ಳು. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು. ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಪೂರ್ತಿ ಮುಳುಗಿಸಿದರೆ ಹೂವು ಅಚ್ಚು ಬಿಟ್ಟು ಬರಲ್ಲ. ಮೇಟ್ರನ್ ಮಗಳಿಗೆ ಈ ಅಂದಾಜು ನನಗಿಂತ ಬೇಗ ಸಿಕ್ಕಿತು. ಅಚ್ಚು ಒಂದು ಸಲ ಕುಲುಕಿದರೆ ಹೂವು ಎಣ್ಣೆಗೆ ಜಾರುತ್ತಿತ್ತು. ಎಲ್ಲಿದ್ದರೋ ಏನೋ, ಅಕ್ಕಪಕ್ಕದ ಮಕ್ಕಳೆಲ್ಲ ಬೇಲಿ ಹತ್ತಿರ ಜಮೆ.

ಆದರೂ ಅಮ್ಮ ಕೇಳಲ್ಲ, ಏನಾದರೂ ಕಟ್ಟಿಯೇ ಕೊಡ್ತಾರೆ. ಪ್ಲಾಸ್ಟಿಕ್ ಕೈಚೀಲಗಳಲ್ಲಿ ಮಾತ್ರ ಕಟ್ಟಬೇಡಿ. 2019ರ ಜೂನ್ 1ರಿಂದ ಆ ದೇಶದಲ್ಲಿ ಅವುಗಳಿಗೆ ನಿಷೇಧ, ವಿಮಾನ ನಿಲ್ದಾಣದಲ್ಲೇ ತೆಗೆಸ್ತಾರೆ. ಸ್ಟೀಲ್ ಡಬ್ಬ, ಬಟ್ಟೆ ಚೀಲ ಸಾಕು.

ಮೈಸೂರಿನಿಂದ, ಕಾನ್ವೆಂಟ್ ಸಿಸ್ಟರ್:

ಇದನ್ನು ಇಥಿಯೋಪಿಯಾಕ್ಕೆ ಹೋಗುವವರೂ ಓದಬಹುದು ಅಂತ ಬರೀತಿದ್ದೇನೆ. ಅಲ್ಲಿ ಕ್ರಿಸ್ಮಸ್ ಜನವರಿ 7ಕ್ಕೆ, ಗೆನ್ನಾ ಅಂತಾರೆ. ಡಿಸೆಂಬರ್ 25 ಮಾಮೂಲು ದಿನ. ನಾನು ಅವತ್ತು ಬೆಳಗಿನ ಪೂಜೆ ಮುಗಿಸಿ ಏಳನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡಿದ್ದೇನೆ. ಹೊರಗೆ ಯಾರಿಗೂ ಅವತ್ತು ಹಬ್ಬ ಅಂತಲೇ ಗೊತ್ತಿರಲಿಲ್ಲ. ಮೊದಲ ವರ್ಷ ಸಿಟ್ಟೇ ಬಂದಿತ್ತು ಅಂದರೆ ಸುಳ್ಳಲ್ಲ.

ಆಮೇಲೆ ಅದೇ ಚೆನ್ನಾಗಿ ಕಾಣಿಸಿತು. ಆರ್ಥೊಡಾಕ್ಸ್ ಜನ ಗೆನ್ನಾಕ್ಕೆ ಮುಂಚೆ ನಲವತ್ತಕ್ಕೂ ಹೆಚ್ಚು ದಿನ ಉಪವಾಸ ಹಿಡೀತಾರೆ. ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ಸಸ್ಯಾಹಾರಿಗಳಿಗೆ ಅದು ಸುಗ್ಗಿ: ಇಂಜೆರಾ (ಅಲ್ಲಿನ ಹುಳಿ ದೋಸೆ) ಮೇಲೆ ಬೇಳೆಯ ಪಲ್ಯ, ಕಡಲೆ ಹಿಟ್ಟಿನ ಶಿರೋ. ಹಬ್ಬದ ಹಿಂದಿನ ರಾತ್ರಿ ಬಿಳಿ ನೆತೆಲಾ ಶಾಲು ಹೊದ್ದು ಚರ್ಚಿನಲ್ಲಿ ಬೆಳಗಿನ ಜಾವದವರೆಗೆ ನಿಲ್ತಾರೆ. ಆಮೇಲೆ ಮನೆಗೆ ಬಂದು ದೋರೋ ವತ್, ಅಂದರೆ ಕೋಳಿ ಸಾರು. ನೀವು 25ಕ್ಕೆ ನಿಮ್ಮ ಹಬ್ಬ ಸಣ್ಣದಾಗಿ ಮಾಡಿಕೊಳ್ಳಿ, 7ಕ್ಕೆ ಅವರದ್ದಕ್ಕೆ ಹೋಗಿ. ಗಡಿಯಾರದ ಲೆಕ್ಕ ಅಲ್ಲೂ ಹಾಗೇ, ಬೆಳಗಿನಿಂದ ಎಣಿಕೆ.

ಮತ್ತೆ, ಇಥಿಯೋಪಿಯಾ, ಕೀನ್ಯಾ ಕಡೆಯಿಂದ ಭಾರತಕ್ಕೆ ವಾಪಸ್ ಬರುವಾಗ ಯೆಲ್ಲೋ ಫೀವರ್ ಲಸಿಕೆಯ ಕಾರ್ಡ್ ಕೇಳ್ತಾರೆ. ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿರಬೇಕು. ಧಾರವಾಡದ ಟೀಚರ್, ನಿಮ್ಮ ವಿಮಾನ ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವುದಾದರೆ ನೀವೂ ಒಮ್ಮೆ ವಿಚಾರಿಸಿ.

ಹುಬ್ಬಳ್ಳಿಯಿಂದ, ಒಬ್ಬ ಟೀಚರ್‌ನ ತಾಯಿ:

ನೋಡವ್ವಾ, ನಾನು ಟೀಚರ್ ಅಲ್ಲ. ನನ್ನ ಮಗ ಜಾಂಬಿಯಾದಾಗ ಮಿಷನ್ ಶಾಲೆಯೊಳಗ ಇದ್ದ. ನಿನ್ನ ಅಮ್ಮನ ಸಲುವಾಗಿ ಬರೀತೀನಿ.

ಹಬ್ಬದ ದಿನ ಪದೇ ಪದೇ ವಿಡಿಯೋ ಕಾಲ್ ಮಾಡಬ್ಯಾಡ. ಇಲ್ಲಿ ಎಲ್ಲಾರೂ ಊಟಕ್ಕ ಕುಂತಾಗ ಫೋನ್ ಕೈಯಿಂದ ಕೈಗೆ ಹೋಗತೈತಿ, ಯಾರೂ ನೆಟ್ಟಗ ಮಾತಾಡಂಗಿಲ್ಲ, ಇಟ್ಟ ಮ್ಯಾಲ ಇಬ್ಬರೂ ಅಳೂದು. 24ಕ್ಕ ಬೆಳಿಗ್ಗೆ ಅಮ್ಮ ಕರ್ಚಿಕಾಯಿ ಮಾಡೂ ಹೊತ್ತಿಗೆ ಒಂದು ಸಲ ಉದ್ದ ಮಾತಾಡು. ಆಕಿ ಕೈಗೆ ಕೆಲಸ ಇರತೈತಿ, ಅಳಂಗಿಲ್ಲ. ನಿಮ್ಮ ಕಡೆ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದ ಇರತೈತಿ ಅಂತ ಕೇಳೇನಿ, ಅದನ್ನ ಅಮ್ಮಗ ಬರೆದು ಕೊಟ್ಟು ಹೋಗು.

ಬೆಂಗಳೂರಿನವರು, ಈಗಲೂ ದಾರ್ ಎಸ್ ಸಲಾಮ್‌ನಲ್ಲಿ ಕಲಿಸುತ್ತಿರುವವರು:

ಮಂಗಳೂರಿನ ಟೀಚರಮ್ಮ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಜಂಜಿಬಾರ್ ವಿಷಯ ಒಂದು ಬಿಟ್ಟು. ಅಲ್ಲಿ ಬೀಚ್ ಮಾತ್ರ ಇಲ್ಲ. ಸ್ಟೋನ್ ಟೌನ್‌ನ ಆಂಗ್ಲಿಕನ್ ಕೆಥೆಡ್ರಲ್ ಕಟ್ಟಿರೋದು ಹಳೇ ಗುಲಾಮರ ಸಂತೆ ಇದ್ದ ಜಾಗದಲ್ಲಿ. 1873ರಲ್ಲಿ ಸಂತೆ ಮುಚ್ಚಿಸಿದ ವರ್ಷವೇ ಕಟ್ಟೋಕೆ ಶುರು ಮಾಡಿದರು. ಗುಲಾಮರನ್ನು ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದ ಕಂಬ ಇದ್ದ ಜಾಗದಲ್ಲೇ ಈಗ ಬಲಿಪೀಠ ಇದೆ ಅಂತ ಅಲ್ಲಿ ತೋರಿಸ್ತಾರೆ. ಕ್ರಿಸ್ಮಸ್ ದಿನ ಅಲ್ಲಿ ಕೂತು ಆರಾಧನೆ ಮಾಡಿದ್ದು ನನಗೆ ಬೆಟ್ಟದ ಹಬ್ಬಕ್ಕಿಂತ ಜಾಸ್ತಿ ತಟ್ಟಿತು. ಎರಡನೇ ವರ್ಷಕ್ಕಾದರೂ ಇಟ್ಟುಕೊಳ್ಳಿ. ಹೋಗುವುದಾದರೆ 25ಕ್ಕೆ ಮುಂಚೆ ಮೋಶಿಯಿಂದ ಕೆಳಗಿಳಿಯಿರಿ. ಜನವೆಲ್ಲ ಮೇಲಕ್ಕೆ ಹೋಗುತ್ತಿರುವಾಗ ದಾರ್‌ಗೆ ಬರುವ ಬಸ್ಸಿನಲ್ಲಿ ಸೀಟು ಸುಲಭ. ಹೊಸ ವರ್ಷ ಕಳೆದ ಕೂಡಲೇ ಲೆಕ್ಕ ಉಲ್ಟಾ.

ಧಾರವಾಡದಿಂದ, ಕೇಳುತ್ತಿರುವವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಹುಬ್ಬಳ್ಳಿ ಅಮ್ಮ ಬರೆದದ್ದಕ್ಕೆ ನಕ್ಕರು. ಇನ್ನೊಂದು ಕೇಳಬೇಕಿತ್ತು. ಯಾರದ್ದೋ ಮನೆಗೆ ಹೋಗುವಾಗ ಏನು ಕೊಡಬೇಕು? ಸೀರೆ ಉಡಬಹುದಾ? ಅಲ್ಲಿ ಹಬ್ಬಕ್ಕೆ ಬಾಳೆಹಣ್ಣಿನ ಹೆಂಡ ಕೊಡ್ತಾರೆ ಅಂತ ಕೇಳಿದೆ. ನಾನು ಕುಡಿಯಲ್ಲ. ಬೇಡ ಅಂದರೆ ಬೇಜಾರು ಮಾಡಿಕೊಳ್ತಾರಾ?

ಮಂಗಳೂರಿನಿಂದ, ನಿವೃತ್ತ ಇಂಗ್ಲಿಷ್ ಟೀಚರ್:

ಅದು ಎಂಬೇಗೆ. ಬಾಳೆಹಣ್ಣು ಮತ್ತು ರಾಗಿಯಿಂದ ಮಾಡೋದು. ಹೌದು, ನಮ್ಮದೇ ರಾಗಿ, ಅಲ್ಲೂ ಬೆಳೀತಾರೆ. ದೊಡ್ಡವರು ಸೋರೆ ಬುರುಡೆಯಲ್ಲಿ ಕುಡಿದು ಮುಂದಿನವರಿಗೆ ದಾಟಿಸ್ತಾರೆ. ಬುರುಡೆಯನ್ನು ಎರಡೂ ಕೈಯಲ್ಲಿ ತಗೊಂಡು, "ಅಸಾಂತೆ" (ಥ್ಯಾಂಕ್ಸ್) ಅಂತ ಹೇಳಿ ಪಕ್ಕದವರಿಗೆ ಕೊಟ್ಟುಬಿಡಿ. ಯಾರೂ ಒತ್ತಾಯ ಮಾಡಲ್ಲ, ಸಭೆಯಲ್ಲಿ ಕುಡಿಯದವರು ಬೇಕಾದಷ್ಟಿದ್ದಾರೆ. ಸೋಡಾ ತರಿಸ್ತಾರೆ. ಊಟ ಮಾತ್ರ ಬೇಡ ಅನ್ನಬೇಡಿ. ಪಿಲಾವ್, ಚಪಾತಿ ಅಲ್ಲಿ ಹಬ್ಬದ ಅಡುಗೆ. ನಿಮ್ಮನ್ನು ಕಂಡರೆ ನಿಮ್ಮ ಕೈಯಲ್ಲೇ ಚಪಾತಿ ಲಟ್ಟಿಸೋಕೆ ಹೇಳ್ತಾರೆ. ಮನೆ ಮುಂದೆ ಆಡು ಕಡಿದರೆ ಯಾವ ಭಾಗ ಯಾರಿಗೆ ಅಂತ ಮೊದಲೇ ಕಟ್ಟುಪಾಡು ಇರುತ್ತೆ, ಕೊಟ್ಟದ್ದನ್ನು ತಿನ್ನಿ.

ಸೀರೆ ಖಂಡಿತ ಉಡಿ. ಮಳೆ ಬಂದಿದ್ದರೆ ಕೆಂಪು ಮಣ್ಣಿನ ದಾರಿ ಜಾರುತ್ತೆ, ಒಳ್ಳೆ ಸೀರೆಗೆ ಹವಾಯಿ ಚಪ್ಪಲಿ ಹಾಕಬೇಡಿ. ಸಂಜೆ ಮೇಲೆ ಬೆಟ್ಟದಲ್ಲಿ ತಂಪು, ಒಂದು ಸ್ವೆಟರ್ ಇರಲಿ.

ಕೊಡೋಕೆ ಸಕ್ಕರೆ, ಅಕ್ಕಿ, ಅಡುಗೆ ಎಣ್ಣೆ ಒಳ್ಳೇದು. ಅಜ್ಜಿ ಇದ್ದರೆ ಒಂದು ಜೊತೆ ಕಾಂಗಾ, ಅಲ್ಲಿನ ಹೆಂಗಸರು ಸುತ್ತಿಕೊಳ್ಳುವ ಬಟ್ಟೆ. ಮಕ್ಕಳಿಗೆ ಆಟದ ಸಾಮಾನು ಬೇಡ, ನೋಟ್‌ಬುಕ್, ಪೆನ್ನು, ಜಾಮೆಟ್ರಿ ಬಾಕ್ಸ್ ಕೊಡಿ. ಜನವರಿಯಲ್ಲಿ ಶಾಲೆ ಶುರು, ಹಬ್ಬದಲ್ಲಿ ದುಡ್ಡೆಲ್ಲ ಖರ್ಚಾಗಿ ಅಪ್ಪಂದಿರು ತಲೆ ಮೇಲೆ ಕೈ ಹೊತ್ತು ಕೂತಿರ್ತಾರೆ. ನೀವು ಹೇಗೂ ಗಣಿತದ ಟೀಚರ್, ಜಾಮೆಟ್ರಿ ಬಾಕ್ಸ್ ಹುಬ್ಬಳ್ಳಿಯಲ್ಲೇ ಹೋಲ್‌ಸೇಲ್ ಅಂಗಡಿಯಲ್ಲಿ ಕೊಂಡರೆ ಅಗ್ಗ ಬೀಳುತ್ತೆ.