ಸಹಾಯ ಬೇಕು: ಹೊಸ ಕರ್ನೆಲ್ ಒಂದೇ ಸಲ ಬೂಟ್ ಆಗಿ, ಆಮೇಲೆ ಹಳೆಯದೇ ಬರಬೇಕು

ಬಲ್ಲವರು ಸ್ವಲ್ಪ ನೋಡಿ ಮಾರಾಯ್ರೆ. ಬದಿಯಡ್ಕ ಕಡೆಯ ಗ್ರಂಥಾಲಯವೊಂದರ ಕಂಪ್ಯೂಟರ್‌ಗಳಲ್ಲಿ ಡೆಬಿಯನ್ 12 (ಲಿನಕ್ಸ್) ಇದೆ, ಕರ್ನೆಲ್ (ಅದರ ತಿರುಳು) 6.1. ವೈಫೈ ಡ್ರೈವರಿಗೆ ಪ್ಯಾಚ್ (ಕೋಡ್ ತಿದ್ದುಪಡಿ) ಹಾಕಿ ನೋಡಬೇಕು. ಆದರೆ ಅಲ್ಲಿನವರ ಕನ್ನಡ-ಮಲಯಾಳಂ ಟೈಪಿಂಗ್, ಪ್ರಿಂಟರ್ ಯಾವುದೂ ನಿಲ್ಲಬಾರದು.

ಈಗಿರುವ ಕಾನ್ಫಿಗ್ ಫೈಲನ್ನೇ ನಕಲು ಮಾಡಿ, ಲೋಕಲ್‌ವರ್ಷನ್‌ಗೆ (ಕರ್ನೆಲ್ ಹೆಸರಿನ ಬಾಲಕ್ಕೆ) ಬೇರೆ ಹೆಸರು ಕೊಟ್ಟು ಪ್ಯಾಕೇಜ್ ಕಟ್ಟಿದ್ದೇನೆ. ಹೆಸರು ಬೇರೆಯಾದ್ದರಿಂದ ಮಾಡ್ಯೂಲ್‌ಗಳೂ (ಡ್ರೈವರಿನಂಥ ಬಿಡಿ ತುಣುಕುಗಳು) ಬೇರೆ ಫೋಲ್ಡರಿಗೆ ಹೋಗುತ್ತವೆ, ಹಳೆಯದಕ್ಕೆ ತೊಂದರೆಯಿಲ್ಲ. ಗ್ರಬ್‌ನಲ್ಲಿ (ಕರ್ನೆಲನ್ನು ಆರಿಸಿ ಬೂಟ್ ಮಾಡುವ ಪ್ರೋಗ್ರಾಂ) ಡೀಫಾಲ್ಟ್ 0, ಅಂದರೆ ಪಟ್ಟಿಯ ಮೊದಲನೆಯದು, ಅಂತ ಬಿಟ್ಟರೆ ಹೊಸ ಆವೃತ್ತಿಯೇ ಮೇಲೆ ಬಂದು ಕೂರುತ್ತದೆ. ಹಾಗಾಗಿ 'ಸೇವ್ಡ್' ಮಾಡಿ, ಗ್ರಬ್-ಸೆಟ್-ಡೀಫಾಲ್ಟ್‌ಗೆ ಹಳೆಯ ಕರ್ನೆಲಿನ ಐಡಿ ಕೊಟ್ಟೆ (ಕ್ರಮಸಂಖ್ಯೆ ಬೇಡ, ಅಪ್‌ಡೇಟ್ ಆದಾಗ ಬದಲಾಗುತ್ತದೆ). ಹೊಸದನ್ನು ಗ್ರಬ್-ರೀಬೂಟ್‌ನಿಂದ ಒಂದು ಸಲಕ್ಕೆ ಮಾತ್ರ ಕರೆದೆ. ಕರ್ನೆಲ್ ಸಾಲಿಗೆ ಪ್ಯಾನಿಕ್=10 ಹಾಕಿದ್ದೇನೆ; ಪ್ಯಾನಿಕ್ ಆದರೆ (ಕರ್ನೆಲ್ ಕೆಟ್ಟು ನಿಂತರೆ) 10 ಸೆಕೆಂಡಿಗೆ ತಾನೇ ರೀಬೂಟ್.

ಬೂಟ್ ಫೋಲ್ಡರ್ ನೇರ ಇಎಕ್ಸ್‌ಟಿ4 ಪಾರ್ಟಿಷನ್ನಿನಲ್ಲಿರುವಲ್ಲಿ ಸಲೀಸು. ಅದು ಎಲ್‌ವಿಎಂ (ಡಿಸ್ಕ್ ಜಾಗವನ್ನು ಹಂಚುವ ಒಂದು ಪದರ) ಒಳಗಿರುವಲ್ಲೇ ಎಡವಟ್ಟು: ಗ್ರಬ್ ಅದನ್ನು ಓದುತ್ತದೆ, ಅಲ್ಲಿಗೆ ಬರೆಯಲಾರದು. 'ಡಿಸ್ಕ್‌ಫಿಲ್ಟರ್ ರೈಟ್ಸ್ ಆರ್ ನಾಟ್ ಸಪೋರ್ಟೆಡ್' ಅನ್ನುತ್ತದೆ, ನೆಕ್ಸ್ಟ್_ಎಂಟ್ರಿ (ಗ್ರಬ್-ರೀಬೂಟ್ ಬರೆದಿಟ್ಟ 'ಮುಂದಿನ ಸಲ ಇದು' ಎಂಬ ಗುರುತು) ಅಳಿಯುವುದಿಲ್ಲ, ಪ್ರತಿ ಸಲವೂ ಹೊಸ ಕರ್ನೆಲೇ. ಮದರ್‌ಬೋರ್ಡಿನ ಫರ್ಮ್‌ವೇರ್ ಯುಇಎಫ್‌ಐ ಆಗಿದ್ದರೆ ಅದರದೇ ಬೂಟ್‌ನೆಕ್ಸ್ಟ್ (ಮುಂದಿನ ಒಂದು ಬೂಟಿಗೆ ಮಾತ್ರದ ಆಯ್ಕೆ) ಸಾಕಿತ್ತು. ಇವು ಹಳೆಯ ಬಯೋಸ್. ಕೆಎಕ್ಸೆಕ್ (ಓಡುತ್ತಿರುವ ಕರ್ನೆಲಿನಿಂದಲೇ ನೇರ ಇನ್ನೊಂದಕ್ಕೆ ಜಿಗಿಯುವುದು) ಮಾಡಿದರೆ ಗ್ರಬ್ಬಿನ ಗೊಡವೆಯೇ ಇಲ್ಲ, ಆದರೆ ಹಾರ್ಡ್‌ವೇರ್ ಪೂರ್ತಿ ರೀಸೆಟ್ ಆಗದೆ ವೈಫೈ ಫಲಿತಾಂಶ ನಂಬುವ ಹಾಗಿಲ್ಲ.

ಪಾರ್ಟಿಷನ್ ಮುಟ್ಟದೆ, ಗ್ರಬ್‌ಎನ್ವ್ ಫೈಲನ್ನು (ಆ ಗುರುತು ಇರುವುದು ಇದರಲ್ಲೇ) ಮಾತ್ರ ಫ್ಯಾಟ್32 ಪೆನ್‌ಡ್ರೈವಿನಲ್ಲಿಟ್ಟು, ಅದನ್ನು ಓದುವ ಲೋಡ್_ಎನ್ವ್, ಬರೆಯುವ ಸೇವ್_ಎನ್ವ್ ಎರಡಕ್ಕೂ ಆ ದಾರಿ ಕೊಟ್ಟರೆ ಬಯೋಸ್‌ನಲ್ಲಿ ನಡೆಯುತ್ತದಾ? ಮಾಡಿದವರಿದ್ದರೆ, ಆ ಸಾಲುಗಳನ್ನು ಗ್ರಬ್.ಡಿ ಫೋಲ್ಡರಿನ ಯಾವ ಫೈಲಿನಲ್ಲಿ ಹಾಕಿದಿರಿ?